ಹೊರಕ್ಕೆ ತೆಗೆಯತಕ್ಕ ಬಾಗಿಲು

ಕಾಲುವೆ ನೀರು ಬಂದು ನಮ್ಮೂರಲ್ಲಿ ಕಬ್ಬು ಹೊಸದಾಗಿ ಎದ್ದ ಕಾಲ. ಆ ವರ್ಷವೇ ನನ್ನ ಮೊಮ್ಮಗಳು ಶಾಲೆಗೆ ಸೇರಿದಳು. ನಮ್ಮ ಮನೆಯಲ್ಲಿ ಸ್ಲೇಟು ಹಿಡಿದ ಮೊದಲ ಹೆಣ್ಣು. ಎರಡನೇ ಕ್ಲಾಸಿಗೇ ಓದು ಬಿಟ್ಟಿದ್ದ ನಾನು ಊರಿಗೆಲ್ಲ ಬೆಲ್ಲ ಹಂಚಿದೆ.

ಶಾಲೆಯೆಂದರೆ ಸೋಗೆ ಹೊದಿಸಿದ ಒಂದೇ ಕೋಣೆ, ಒಂದೇ ಬಾಗಿಲು. ಪಕ್ಕದಲ್ಲೇ ಬೆಲ್ಲ ಕಾಯಿಸುವ ಆಲೆಮನೆ. ಗಾಳಿ ಎದ್ದರೆ ಕಿಡಿ ಆ ಸೋಗೆಯ ಕಡೆಗೇ ಹಾರುತ್ತಿತ್ತು. ಬಾಗಿಲೋ ಒಳಕ್ಕೆ ತೆರೆಯುವಂಥದ್ದು. ಗಂಟೆ ಹೊಡೆದರೆ ಮಕ್ಕಳೆಲ್ಲ ಅದಕ್ಕೇ ಒತ್ತಿಕೊಂಡು ನಿಲ್ಲುವುದು, ಎಳೆಯಲಾಗದೆ ಮೇಷ್ಟ್ರು ಬೈಯುವುದು, ದಿನವೂ ಇದೇ ಪಾಡು. ನನ್ನ ಕೂಸು ಕೂರುತ್ತಿದ್ದುದು ಹಿಂದಿನ ಮೂಲೆಯಲ್ಲಿ.

ಅಷ್ಟರಲ್ಲಿ ಸರ್ಕಾರದ ಹುಕುಂ ಬಂತು. ಬೆಂಕಿಯ ಭಯವಿರುವ ಶಾಲೆಗಳ ಬಾಗಿಲನ್ನು ಹೊರಕ್ಕೆ ತೆಗೆಯತಕ್ಕದ್ದು ಎಂದು ಅದರಲ್ಲಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷ. ಮಾರನೆಯ ದಿನ ಹೋಗಿ ನೋಡಿದರೆ ಪಟೇಲರು ಬಡಗಿಯಿಂದ ಬಾಗಿಲನ್ನೇ ಕೀಳಿಸಿ ಹೊರಗಿನ ಗೋಡೆಗೆ ಒರಗಿಸಿದ್ದರು.

"ಇದೇನ್ ಪಟೇಲ್ರೇ, ಇಂಗ್ ಮಾಡಿದ್ದೀರಿ?"

"ಒರಕ್ಕೆ ತೆಗೀರಿ ಅಂತ ಬರ್ದವ್ರೆ. ತೆಗ್ದು ಒರಗೇ ಮಡಗಿವ್ನಿ ಕಣ್ಲಾ. ಇನ್ನೇನ್ ನಿಂದು?"

ತೆಗೆ ಅಂದರೆ ಕೀಳುವುದಲ್ಲ, ಆಚೆಗೆ ತೆರೆಯುವ ಹಾಗೆ ಕೂರಿಸಬೇಕು ಅಷ್ಟೇ ಎಂದೆ. ನೀನೆಷ್ಟು ಓದಿದ್ದೀಯೆ ಎಂದು ಕೇಳಿದರು. ನಾನು ಅಲ್ಲೇ ನಿಂತಿದ್ದ ಮೇಷ್ಟ್ರ ಕಡೆ ತಿರುಗಿದೆ. ಓದಿದ್ದ ಮೇಷ್ಟ್ರು ಪಟೇಲರ ಮನೆಯಲ್ಲೇ ಉಣ್ಣುತ್ತಿದ್ದರು. ಅವರು ಒಳಗೆ ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಸತೊಡಗಿದರು.

ಎರಡು ದಿನಕ್ಕೆ ಮೇಕೆಗಳು ನುಗ್ಗಿ ಗೋಡೆಯ ಭೂಪಟ ತಿಂದವು. ಬಾಗಿಲು ಮತ್ತೆ ಹಳೆಯ ಜಾಗಕ್ಕೆ ಬಂತು, ಹಳೆಯ ಹಾಗೆಯೇ, ಒಳಕ್ಕೆ. ನಾನು ಮದ್ದೂರಿನ ಸರ್ಕಾರಿ ಕಚೇರಿಗೆ ನಡೆದೆ. ಅಲ್ಲಿಯ ಗುಮಾಸ್ತರು ಕಡತ ಬಿಚ್ಚಿ ಓದಿದರು. ಹುಕುಂ ಪ್ರಕಾರ ಬಾಗಿಲು ತೆಗೆಯಲಾಗಿದೆ ಎಂದು ನಮ್ಮೂರಿನಿಂದಲೇ ಬರೆದು ಹೋಗಿತ್ತು.

"ಆಗಿಹೋದ ಕೆಲಸಕ್ಕೆ ಇನ್ನೊಂದು ಹುಕುಂ ಕೊಡೋಕಾಗುತ್ತೇನಯ್ಯ?" ಎಂದರು.

ಆ ಹಂಗಾಮಿನಲ್ಲಿ ಆಲೆಮನೆಯ ಒಲೆ ಉರಿದಷ್ಟು ದಿನವೂ ನಾನು ಶಾಲೆಯ ಹೊಸ್ತಿಲಲ್ಲಿ ಕೂತೆ, ತೆರೆದ ಬಾಗಿಲಿಗೆ ಬೆನ್ನು ಕೊಟ್ಟು, ಅದು ಮುಚ್ಚದ ಹಾಗೆ. ಗದ್ದೆ ಕೆಲಸ ನಿಂತಿತೆಂದು ಮಗ ರೇಗಿದ. ಮುದುಕನಿಗೆ ಈಗ ಓದುವ ಹುಚ್ಚು ಹಿಡಿದಿದೆ ಎಂದು ಆಲೆಮನೆಯವರು ನಕ್ಕರು. ಮೈಯೆಲ್ಲ ಸಿಟ್ಟು. ಆದರೂ ಒಳಗಿಂದ ಮೊಮ್ಮಗಳು ಕಾಗುಣಿತ ಕೂಗಿದಾಗ ಎದೆ ಉಬ್ಬುತ್ತಿತ್ತು, ಏನು ಮಾಡಲಿ.

ಒಂದು ದಿನ ಅವಳು ಸ್ಲೇಟು ತಂದು ನನ್ನ ಮುಖಕ್ಕೆ ಹಿಡಿದಳು. 'ತೆರೆ' ಎಂದು ಬರೆದಿದ್ದಳು.

"ಇಂಗ್ ಬರ್ದಿದ್ರೆ ಆಯ್ತಿತ್ತಲ್ವಾ ತಾತ?"

"ಆಯ್ತಿತ್ತು ಕಣವ್ವ, ಓಗು, ಒಳಿಕ್ ಓಗಿ ಕೂತ್ಕೊ" ಎಂದು ಬೆನ್ನನ್ನು ಬಾಗಿಲಿಗೆ ಇನ್ನಷ್ಟು ಒತ್ತಿದೆ.