ಕಂಪನಿಗೆ ಬರ್ತೀರಾ

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕ್ವಾರ್ಟರ್ಸಿನಲ್ಲಿ. ಅಲ್ಲಿ ಕಂಪನಿ ಎಂದರೆ ಕಾರ್ಖಾನೆ, ಬೇರೆ ಅರ್ಥವೇ ಇರಲಿಲ್ಲ. ಕಂಪನಿ ಮನೆ, ಕಂಪನಿ ನಲ್ಲಿ, ಕಂಪನಿ ಲೈಟು, ಜ್ವರ ಬಂದರೆ ಕಂಪನಿ ಆಸ್ಪತ್ರೆ. ಪಕ್ಕದ ಮನೆಯ ತಮಿಳಿನವರು, ಎದುರುಮನೆಯ ತೆಲುಗಿನವರು, ನಾವು, ಎಲ್ಲರೂ ನೀರಿಗಾಗಿ ಜಗಳವಾಡುತ್ತಿದ್ದದ್ದು ಅವರವರ ಭಾಷೆಯಲ್ಲಿ. ಆದರೆ ಕಂಪನಿ ಎಂಬ ಆ ಒಂದು ಮಾತು ಮಾತ್ರ ಎಲ್ಲರ ಬಾಯಲ್ಲೂ ಒಂದೇ. ಅಪ್ಪ ತೀರಿಕೊಂಡ ಮೇಲೆ ಮನೆ ಬಿಡಬೇಕಾಯಿತು. ಅಮ್ಮ ಅಣ್ಣನ ಜೊತೆ ದಾವಣಗೆರೆಗೆ ಹೋದಳು. ಟೀಚರ್ ಟ್ರೈನಿಂಗ್ ಮುಗಿಸಿದ್ದ ನನಗೆ ಶಿವಮೊಗ್ಗದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಹೊಸಮನೆ ಬಡಾವಣೆಯಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ.

ಶಿವಮೊಗ್ಗದಲ್ಲಿ ನೋಡಿದರೆ ಆ ಪದಕ್ಕೆ ಬೇರೆಯೇ ಸಂಸಾರ. ಬಜಾರಿನ ಅಂಗಡಿಯವನು ಟಾರ್ಚು ಹೊತ್ತಿಸಿ ತೋರಿಸುತ್ತ ಅಸ್ಲಿ ಕಂಪನಿ ಮಾಲು ಎನ್ನುತ್ತಿದ್ದ. ಯಾವ ಕಂಪನಿ ಎಂದು ಕೇಳಿದರೆ ಮುಖ ಗಂಟಿಕ್ಕುತ್ತಿದ್ದ. ಊರಿಗೆ ಕಂಪನಿ ಬಂದಿದೆಯಂತೆ ಎಂದು ಯಾರಾದರೂ ಅಂದರೆ, ನಾಟಕದವರು ಬಂದು ತಗಡಿನ ಥಿಯೇಟರು ಎಬ್ಬಿಸಿದ್ದಾರೆ ಎಂದು ಅರ್ಥ. ಇನ್ನೊಂದು ಅರ್ಥ ನನಗಾಗಿಯೇ ಕಾದು ಕೂತಿತ್ತು. ನಾನು ಬಂದ ಮೊದಲ ತಿಂಗಳಲ್ಲೇ ಮನೆಯೊಡತಿ ಹಿತ್ತಲಿಗೆ ಬಂದು, ಡಾಕ್ಟರ ಹತ್ತಿರ ಹೋಗಬೇಕಿದೆ, ಸ್ವಲ್ಪ ಕಂಪನಿಗೆ ಬರುತ್ತೀರಾ ಎಂದು ಕೇಳಿದರು. ಹೋದೆ. ಅಲ್ಲಿಂದ ಶುರುವಾಯಿತು.

ಆಗ ಮರ್ಯಾದಸ್ಥರ ಮನೆಯ ಹೆಂಗಸರು ಒಬ್ಬರೇ ಎಲ್ಲೂ ಹೋಗುವಂತಿರಲಿಲ್ಲ. ಗಂಡಂದಿರಿಗೆ ಅಂಗಡಿ ಬಿಡಲು ಆಗದು, ಅತ್ತೆಯರಿಗೆ ಮಂಡಿನೋವು. ನಾನೋ, ಮದುವೆಯಾಗದವಳು, ಸಂಬಳ ತರುವವಳು, ಕನ್ನಡಕ ಹಾಕಿದವಳು, ಸಂಜೆ ಐದರ ಮೇಲೆ ಯಾರಿಗೂ ಬೇಡದವಳು. ನನ್ನಂಥ ಕಂಪನಿ ಊರು ಸುತ್ತಿದರೂ ಸಿಗುತ್ತಿರಲಿಲ್ಲ. ಮನೆಯೊಡತಿಯಿಂದ ಡಾಕ್ಟರ ಹೆಂಡತಿಗೆ, ಅವರಿಂದ ನಮ್ಮ ಹೆಡ್ ಮಿಸ್ಟ್ರೆಸ್ ಅವರ ಅತ್ತೆಗೆ ಸುದ್ದಿ ಹೋಯಿತು. ಸೀರೆ ತರಲು, ಹಲ್ಲು ಕೀಳಿಸಲು, ಬಾಣಂತಿ ನೋಡಲು ನಾನು ಜೊತೆಯಲ್ಲಿರುತ್ತಿದ್ದೆ. ಚೀಲ ಹಿಡಿಯುವುದು, ಬಣ್ಣ ಚೆನ್ನಾಗಿದೆ ಎನ್ನುವುದು, ಅವರು ಹೊರಟಾಗ ಹೊರಡುವುದು, ಇಷ್ಟೇ ನನ್ನ ಕೆಲಸ. ಇಷ್ಟು ಜನ ಕರೆಯುತ್ತಿದ್ದರಲ್ಲ, ನಾನು ಒಂಟಿ ಎಂದು ಯಾರಿಗೂ ಅನ್ನಿಸಿರಲಾರದು. ನನಗಂತೂ ಕೋಣೆಯ ಬೀಗ ತೆಗೆಯುವಾಗಲೆಲ್ಲ ಅನ್ನಿಸುತ್ತಿತ್ತು.

ಆ ವರ್ಷ ಬಂದ ನಾಟಕದ ಕಂಪನಿ ಒಂದೇ ನಾಟಕವನ್ನು ವಾರಗಟ್ಟಲೆ ಆಡಿತು. ಒಬ್ಬ ಅಕ್ಕ ಕೂಲಿ ಮಾಡಿ, ಮೈಮೇಲಿನ ಒಡವೆ ಮಾರಿ ತಮ್ಮನನ್ನು ಓದಿಸುತ್ತಾಳೆ. ಅವನು ಅಮಲ್ದಾರನಾಗುತ್ತಾನೆ. ಅವನ ಹೆಂಡತಿ ಅಕ್ಕನನ್ನು ಕೆಲಸದವಳು ಎಂದು ಹೇಳಿ ಮನೆಯಿಂದ ಕಳಿಸಿಬಿಡುತ್ತಾಳೆ. ವರ್ಷಗಳ ಮೇಲೆ ಅಕ್ಕ ಒಂದು ಅರ್ಜಿ ಹಿಡಿದು ಅದೇ ಅಮಲ್ದಾರನ ಕಚೇರಿಗೆ ಬರುತ್ತಾಳೆ. ಅವನು ತಲೆ ಎತ್ತಿ ನೋಡುತ್ತಾನೋ ಇಲ್ಲವೋ? ನಾನು ಮೂರು ಸಲ ಹೋಗಿ ಮೂರು ಸಲವೂ ಅಲ್ಲಿಯವರೆಗೆ ಮಾತ್ರ ನೋಡಿದೆ. ಮನೆಯೊಡತಿ ಮತ್ತು ಅವರ ಇಬ್ಬರು ಸೊಸೆಯರ ಜೊತೆ ಹೋದಾಗ ಕಿರಿಯ ಸೊಸೆಯ ಕೂಸು ರಚ್ಚೆ ಹಿಡಿಯಿತು. ಡಾಕ್ಟರ ಹೆಂಡತಿಯ ಜೊತೆ ಹೋದಾಗ ಅವರ ಯಜಮಾನರು ಕಳಿಸಿದ ಜಟಕಾ ಬೇಗನೆ ಬಂತು. ಮೂರನೆಯ ಸಲ ಹೆಡ್ ಮಿಸ್ಟ್ರೆಸ್ ಅವರ ಅತ್ತೆಗೆ ಚಾಪೆಯ ಮೇಲೆ ಕೂತು ಕಾಲು ಹಿಡಿದುಕೊಂಡಿತು. ಟಿಕೆಟ್ಟು ಅವರದು, ನಾನು ಏಳದೆ ಇರಲು ಬರುತ್ತದೆಯೇ?

ಮೊದಲ ಸಲ ವಾಪಸು ಬರುವಾಗ ಜಟಕಾದಲ್ಲಿ ಕಿರಿಯ ಸೊಸೆ, ಕೊನೆಗೆ ಏನಾಗಿರಬಹುದು ಅಕ್ಕಾ ಎಂದು ದಾರಿಯುದ್ದಕ್ಕೂ ಕೇಳಿದ್ದಳು. ಒಳ್ಳೆಯದೇ ಆಗಿರುತ್ತದೆ ಬಿಡು ಎಂದು ಅವಳ ಅತ್ತೆ ಬಾಯಿ ಮುಚ್ಚಿಸಿದ್ದರು. ನನಗೆ ಅದು ಸಾಕಾಗಲಿಲ್ಲ. ಪಾಠ ಮಾಡುವಾಗಲೂ ಆ ಅಕ್ಕ ಅರ್ಜಿ ಹಿಡಿದು ನಿಂತೇ ಇರುತ್ತಿದ್ದಳು. ನನಗೆ ಬೇಕಾಗಿದ್ದದ್ದು ಇಷ್ಟೇ, ಒಂದು ನಾಟಕವನ್ನು ನನ್ನ ದುಡ್ಡಿನಲ್ಲಿ, ನನ್ನ ಇಷ್ಟದಂತೆ, ಕೊನೆಯವರೆಗೆ ಕೂತು ನೋಡಬೇಕು. ಅಷ್ಟರಲ್ಲಿ ಕಂಪನಿಯವರು ಗಂಟುಮೂಟೆ ಕಟ್ಟಿ ಭದ್ರಾವತಿಗೆ ಕ್ಯಾಂಪು ಬದಲಿಸಿದರು. ಭಾನುವಾರ ಮಧ್ಯಾಹ್ನವೂ ಆಟವಿದೆ ಎಂದು ಕೇಳಿದೆ. ಯಾರನ್ನು ಕರೆಯಲಿ ಎಂದು ಎರಡು ದಿನ ಯೋಚಿಸಿದೆ. ನಾನು ಜೊತೆ ಹೋಗಿದ್ದ ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂತು. ಕರೆಯುವ ಧೈರ್ಯ ಬರಲಿಲ್ಲ. ಕೊನೆಗೆ ಒಬ್ಬಳೇ ರೈಲು ಹತ್ತಿದೆ.

ಹೆಂಗಸರ ಬಾಗಿಲಲ್ಲಿ ಟಿಕೆಟ್ಟು ಹರಿಯುತ್ತಿದ್ದ ಹೆಂಗಸು ನನ್ನ ಹಿಂದೆ ಯಾರಿದ್ದಾರೆ ಎಂದು ಕತ್ತು ಉದ್ದ ಮಾಡಿ ನೋಡಿ, ಉಳಿದವರೆಲ್ಲಿ ಎಂದಳು. ಬರ್ತಾರೆ ಎಂದೆ. ಆ ಸುಳ್ಳು ಯಾಕೆ ಬಾಯಿಗೆ ಬಂತೋ! ಬಂದ ಮೇಲೆ ಅದನ್ನು ಸಾಕಲೇಬೇಕಾಯಿತು. ಚಾಪೆಯ ಮೇಲೆ ಕೂತು ಪಕ್ಕದಲ್ಲಿ ನನ್ನ ಚೀಲವಿಟ್ಟು ಒಬ್ಬರ ಜಾಗ ಹಿಡಿದೆ. ತಮಿಳಿನ ಹೆಂಗಸೊಬ್ಬಳು ಬಂದು ಇಲ್ಲಿ ಆಳು ಉಂಟಾ ಎಂದು ಕೇಳಿದಳು, ಉಂಟು ಎಂದೆ. ಇಂಟರ್ವಲ್ಲಿನಲ್ಲಿ ಕಡಲೆಕಾಯಿ ಕೊಂಡಾಗ ಅಭ್ಯಾಸಬಲದಿಂದ ಎರಡು ಪೊಟ್ಟಣ ತೆಗೆದುಕೊಂಡೆ.

ಕೊನೆಯ ಅಂಕ ಬಂತು. ಅಕ್ಕ ಅರ್ಜಿ ಹಿಡಿದು ನಿಂತಳು. ಅಮಲ್ದಾರ ತಲೆ ಬಗ್ಗಿಸಿಕೊಂಡೇ ಹೆಸರೇನು ಎಂದ. ಅವಳು ಹೆಸರು ಹೇಳಲಿಲ್ಲ. ಅವನು ಚಿಕ್ಕವನಿದ್ದಾಗ ಅನ್ನ ಕಲಸಿ ತಿನ್ನಿಸುತ್ತ ಹೇಳುತ್ತಿದ್ದ ಎರಡು ಸಾಲಿನ ಪದ ಹೇಳಿದಳು. ಅವನು ಕುರ್ಚಿಯಿಂದ ಎದ್ದ. ಬಂದು ಅವಳ ಕಾಲಿಗೆ ಬಿದ್ದ. ಅವಳು ಎತ್ತಿ, ಬಿಸಿಲಲ್ಲಿ ಬಂದೆ, ನೀರು ಕೊಡು ಮಗಾ ಎಂದಳು, ಅಷ್ಟೇ. ಗಂಡಸರ ಕಡೆಯಿಂದ ಶಿಳ್ಳೆ ಬಿತ್ತು. ನೋಡಿದ್ರಾ ಎನ್ನಲು ಪಕ್ಕಕ್ಕೆ ತಿರುಗಿದೆ. ಚೀಲವಿತ್ತು.

ಮರುದಿನ ಬೆಳಿಗ್ಗೆ ತಡೆಯಲಾರದೆ ಮನೆಯೊಡತಿಯ ಹತ್ತಿರ ಓಡಿ, ನಿನ್ನೆ ನಾಟಕದ ಕೊನೆ ನೋಡಿಕೊಂಡು ಬಂದೆ ಎಂದೆ. ಅವರು ಅಕ್ಕಿ ಆರಿಸುತ್ತಿದ್ದರು. ಯಾರ ಜೊತೆ ಎಂದರು. ಒಬ್ಬಳೇ ಎಂದೆ. ಮೊರ ಕೆಳಗಿಟ್ಟರು.

"ಹಂಗೆಲ್ಲ ಹೋಗ್ಬಾರ್ದು ಟೀಚರಮ್ಮ. ನೀವು ದುಡಿಯೋರು, ನಿಮ್ಗೆ ಯಾರ ಅಂಕೆನೂ ಇಲ್ಲ. ನಮ್ದು ಸೊಸೇರಿರೋ ಮನೆ."

ಜಗಳವಿಲ್ಲ, ಕೂಗಾಟವಿಲ್ಲ. ಆದರೆ ಅಂದಿನಿಂದ ಅವರ ಮನೆಯ ಹೆಂಗಸರು ಎಲ್ಲಿಗೆ ಹೊರಟರೂ ನನ್ನ ಬಾಗಿಲಿಗೆ ಬರಲಿಲ್ಲ. ಒಂದೆರಡು ವಾರದಲ್ಲಿ ಡಾಕ್ಟರ ಹೆಂಡತಿಗೂ ಬೇರೆ ಯಾರೋ ಸಿಕ್ಕರು. ಇಷ್ಟು ದಿನ ಬಿಟ್ಟಿ ಜೀತ ಎಂದು ಒಳಗೊಳಗೇ ಗೊಣಗುತ್ತಿದ್ದವಳು ನಾನೇ. ಈಗ ಸಂಜೆಗಳೆಲ್ಲ ನನ್ನವೇ ಆಗಿ, ಅವುಗಳನ್ನು ಏನು ಮಾಡಬೇಕೆಂದು ತಿಳಿಯದೆ ಕೂತಿರುತ್ತಿದ್ದೆ. ಒಬ್ಬಳೇ ಹೋದೆ ಎನ್ನುವುದನ್ನು ಇಡೀ ಬೀದಿ ಕೇಳಿಸಿಕೊಂಡಿತ್ತು. ಕೊನೆಗೆ ಏನಾಯಿತು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಒಂದು ದಿನ ಬೆಳಿಗ್ಗೆ ನಾನು ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದಾಗ ಕಿರಿಯ ಸೊಸೆ ಕೊಡ ತಂದಳು. ಅತ್ತ ಇತ್ತ ನೋಡಿ ಹಗ್ಗ ಇಳಿಬಿಡುತ್ತ ಸಣ್ಣ ದನಿಯಲ್ಲಿ ಕೇಳಿದಳು.

"ಅಕ್ಕಾ, ಕೊನೇಲಿ ಅವನು ಗುರ್ತು ಹಿಡಿದ್ನಾ?"

ನನ್ನ ಕೈಯಲ್ಲಿದ್ದ ಸೀರೆ ಅಲ್ಲೇ ಬಿತ್ತು. ಗಡಿಬಿಡಿಯಲ್ಲಿ ಹೇಳಿದರೆ ಸ್ವಾರಸ್ಯ ಹೋಗುತ್ತದೆಂದು ಅರ್ಜಿಯಿಂದಲೇ ಶುರುಮಾಡಿದೆ. ಅವನು ತಲೆ ಎತ್ತದೆ ಹೆಸರು ಕೇಳಿದ್ದು ಹೇಳಿದೆ, ಅವಳು ಹೆಸರು ಹೇಳದೆ ನಿಂತದ್ದು ಹೇಳಿದೆ. ಹುಡುಗಿ ಕೊಡ ಮರೆತು ಬಾಯಿ ತೆರೆದುಕೊಂಡು ನಿಂತಿದ್ದಳು. ಆಗ ಒಳಗಿನಿಂದ ಅತ್ತೆ ಕರೆದರು. ಅವಳು ಅರ್ಧ ತುಂಬಿದ ಕೊಡವನ್ನೇ ಸೊಂಟಕ್ಕೇರಿಸಿ, ನನ್ನ ಮುಖವನ್ನೂ ನೋಡದೆ ಓಡಿದಳು. ಹಿತ್ತಲ ಬಾಗಿಲ ಚಿಲಕ ಬಿತ್ತು.

ನಾನು ಬಾವಿಕಟ್ಟೆಯ ಮೇಲೆ ಕೂತೆ. ಉಳಿದದ್ದನ್ನು ಬಾಯಲ್ಲೇ ಇಟ್ಟುಕೊಳ್ಳಲು ಆಗಲಿಲ್ಲ. ಕುರ್ಚಿಯಿಂದ ಎದ್ದ, ಕಾಲಿಗೆ ಬಿದ್ದ, ಅವಳು ನೀರು ಕೇಳಿದಳು ಎಂದು ಮುಚ್ಚಿದ ಬಾಗಿಲಿಗೆ ಮೆಲ್ಲಗೆ ಹೇಳಿ ಮುಗಿಸಿದೆ. ಭದ್ರಾವತಿಯ ಚಾಪೆಯ ಮೇಲೆ ಬಾರದಿದ್ದ ಅಳು ಆಗ ಬಂತು.