ಕಿವಿ ಬೆಂಚಿನ ಮೇಲೆ ಕೂತವರು

ಬಸ್ ಕಂಪನಿ ಸೀಟಿಯಕ್ಕನ ಓವರ್‌ಟೈಮ್ ದುಡ್ಡನ್ನು ಇನ್ನೂ ಬಾಕಿ ಇಟ್ಟುಕೊಂಡಿದೆ. ಅದು ಬಂದಿದ್ದರೂ ಖಾಸಗಿ ಆಸ್ಪತ್ರೆಗೆ ಸಾಲುತ್ತಿರಲಿಲ್ಲ, ಆ ಮಾತು ಬೇರೆ. ಒಮ್ಮೆ ಹೋಗಿ ನೋಡಿದ್ದಳು. ಕೂತರೆ ಹೂತುಹೋಗುವ ಸೋಫಾ, ಗೋಡೆ ತುಂಬ ನಗುವ ಕೂಸುಗಳ ಫೋಟೊ. ಕೌಂಟರಿನ ಹುಡುಗಿ ಜೇನು ಸುರಿಸುತ್ತ, "ಮೇಡಂ, ಯಾವ ಪ್ಯಾಕೇಜ್ ತಗೋತೀರಾ?" ಅಂದಳು. ರೇಟು ಕೇಳಿದ ಸೀಟಿಯಕ್ಕ, "ಕೊಡೋದು ಮಗುನಾ, ಬಸ್ಸಾ?" ಅಂದು ಎದ್ದು ಬಂದಳು.

ಆಕೆ ಸಿಟಿ ಬಸ್ಸಿನ ಕಂಡಕ್ಟರು. ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಅದೇ ಹೆಸರು ನಿಂತಿತು. ಗಂಡನದು ಪಂಚರ್ ಅಂಗಡಿ. ಮದುವೆಯಾಗಿ ಹತ್ತು ವರ್ಷ ದಾಟಿದರೂ ಮಕ್ಕಳಿಲ್ಲ. ಅತ್ತೆ ಬಾಯಿ ಜೋರಿನವಳು, ಆದರೆ ನ್ಯಾಯಸ್ಥೆ. "ಊರೋರ ಟ್ಯೂಬಲ್ಲೆಲ್ಲ ತೂತು ಹುಡುಕ್ತೀಯ, ನಿಂದೂ ಒಂದ್ಸಲ ತೋರಿಸ್ಕೊಳ್ಳೋ" ಎಂದು ಮಗನನ್ನೇ ಸೊಸೆಯ ಜೊತೆ ಸರ್ಕಾರಿ ಆಸ್ಪತ್ರೆಗೆ ಅಟ್ಟಿದಳು.

ಅಲ್ಲಿ ಕಾರಿಡಾರಿನ ಕೊನೆಗೆ ಗುರುವಾರ ಮಾತ್ರ ತೆರೆಯುವ ಒಂದು ಕೋಣೆ. ಬಾಗಿಲ ಮೇಲೆ ದಪ್ಪಕ್ಷರದಲ್ಲಿ 'ಬಂಜೆತನ ಚಿಕಿತ್ಸೆ' ಎಂದು ಬೋರ್ಡು, ಅದರಡಿ ಉದ್ದನೆಯ ಬೆಂಚು. ಪಕ್ಕದ್ದು ಕಿವಿ, ಮೂಗು, ಗಂಟಲಿನ ಕೋಣೆ; ಅದಕ್ಕೂ ಒಂದು ಬೆಂಚು. ಮಗು ಬೇಕೆಂದು ಬಂದವರೆಲ್ಲ ಕೂರುತ್ತಿದ್ದದ್ದು ಕಿವಿ ಬೆಂಚಿನ ಮೇಲೆ. ಗುರುತಿನವರು ಯಾರಾದರೂ ಹಾದುಹೋದರೆ ಒಬ್ಬರು ಕೆಮ್ಮುವುದು, ಇನ್ನೊಬ್ಬರು ಕಿವಿ ಹಿಡಿದು ನರಳುವುದು. ಹೆಸರು ಕರೆದಾಗ ಕಳ್ಳ ಬೆಕ್ಕಿನಂತೆ ಪಕ್ಕದ ಕೋಣೆಗೆ ನುಸುಳುವುದು.

ಪಂಚರಿನವನಂತೂ ಕಿವಿಗೆ ಹತ್ತಿ ತುರುಕಿಕೊಂಡೇ ಕೂರುತ್ತಿದ್ದ. ಕಿವಿ ಕೋಣೆಯ ನರ್ಸಮ್ಮ ಪಾಪ ಎಂದು ಒಳಗೆ ಕರೆದು ಎರಡು ಸಲ ಕಿವಿ ತೊಳೆದು ಕಳಿಸಿದ್ದಳು. ಆ ಊರಿನಲ್ಲಿ ಅಷ್ಟು ಚೊಕ್ಕ ಕಿವಿ ಇನ್ನೊಬ್ಬನಿಗಿರಲಿಲ್ಲ. ಆದರೆ ಮಕ್ಕಳು ಆ ದಾರಿಯಲ್ಲಿ ಬರುವುದಿಲ್ಲವಲ್ಲ!

ಪರೀಕ್ಷೆ, ಸೂಜಿ, ಮಾತ್ರೆ ಎಲ್ಲ ಮುಗಿದು, ಕೊನೆಗೆ ಡಾಕ್ಟರು "ಮುಂದಿನ ತಿಂಗಳು ಮುಖ್ಯ ಚಿಕಿತ್ಸೆಗೆ ನಿಮ್ಮ ಸರದಿ" ಅಂದರು. ಖುಷಿಗೆ ನೆಲ ಕಾಣದೆ ಹೊರಗೆ ಬಂದ ಸೀಟಿಯಕ್ಕನನ್ನು ಆಸ್ಪತ್ರೆಯ ಆಯಮ್ಮ ಒಂದು ಮೂಲೆಗೆ ಎಳೆದಳು.

"ಕುಣೀಬೇಡ ಕಣೇ. ಈ ಕೋಣೆ ಮುಚ್ತಾರಂತೆ, ಮುರಿದ ಮಂಚ ತುಂಬೋಕೆ."

"ಯಾಕಂತೆ?"

"ತಪಾಸಣೆಗೆ ದೊಡ್ಡ ಸಾಹೇಬ್ರು ಬಂದಾಗೆಲ್ಲ ಈ ಬೋರ್ಡಿನ ಕೆಳಗಿನ ಬೆಂಚು ಖಾಲಿ. ರೋಗಿಗಳೇ ಇಲ್ವಲ್ಲ ಅಂದ್ರು. ಮುಂದಿನ ಗುರುವಾರ ಕೊನೇ ಸಲ ನೋಡ್ತಾರಂತೆ."

"ಒಳಗೆ ನಮ್ಮ ಹೆಸರೆಲ್ಲ ಬರ್ಕೊಂಡಿದಾರಲ್ಲಕ್ಕ!"

"ಅದನ್ನ ಯಾರು ಓದ್ತಾರೆ? ಅವರು ನೋಡೋದು ಬೆಂಚು."

"ಡಾಕ್ಟರು ಸುಮ್ಮನಿದ್ರಾ?"

"ಅವರ ಸಂಜೆ ಕೆಲಸ ಆ ಸೋಫಾ ಆಸ್ಪತ್ರೇಲೇ ಅಲ್ವಾ?"

ಈ ಬಾಗಿಲು ಮುಚ್ಚಿದರೆ ಸೀಟಿಯಕ್ಕನಿಗೆ ಬೇರೆ ಬಾಗಿಲಿಲ್ಲ.

ಗುರುವಾರ ಬಂತು. ಕಾರಿಡಾರಿನ ಆಚೆ ತುದಿಯಲ್ಲಿ ಸಾಹೇಬರ ದನಿ ಕೇಳಿದ್ದೇ ತಡ, ಸೀಟಿಯಕ್ಕ ಎದ್ದು ಸೀಟಿ ಊದಿದಳು. ಇಡೀ ಕಿವಿ ಬೆಂಚು ಬೆಚ್ಚಿಬಿತ್ತು.

"ಈ ಗಾಡಿ ಕಿವಿಗೆ ಹೋಗುತ್ತೆ! ಮಗು ಬೇಕಾದೋರು ಪಕ್ಕದ ಗಾಡಿ ಹತ್ತಿ! ಹೊರಟಿದೆ, ಬೇಗ ಬೇಗ!"

ಒಬ್ಬರೂ ಮಿಸುಕಲಿಲ್ಲ. ಮಫ್ಲರ್ ಸುತ್ತಿಕೊಂಡಿದ್ದ ಶಾಲೆಯ ಮೇಷ್ಟ್ರು, "ನಂಗೆ ಗಂಟಲು ನೋವಮ್ಮ" ಎಂದು ಗೊಣಗಿದರು.

"ಹೋದ ವಾರ ಕಿವಿ ಅಂದಿದ್ರಿ ಮೇಷ್ಟ್ರೇ. ನೋವು ಕೆಳಗಿಳೀತಾ ಇದೆ. ಇನ್ನೆರಡು ವಾರಕ್ಕೆ ಸರಿಯಾದ ಜಾಗಕ್ಕೆ ಬರುತ್ತೆ ಬಿಡಿ!"

ಬೆಂಚು ಕಿಸಕ್ಕನೆ ನಕ್ಕಿತು. ಆದರೂ ಏಳಲಿಲ್ಲ. ಸೀಟಿಯಕ್ಕ ಗಂಡನ ಕಡೆ ತಿರುಗಿದಳು. ಅವನು ನೆಲದ ಮೇಲಿನ ಇರುವೆ ಎಣಿಸುತ್ತಿದ್ದ.

"ಏನ್ರೀ, ಕೇಳಿಸ್ಲಿಲ್ವಾ? ಎರಡೆರಡು ಸಲ ತೊಳೆಸಿದೀರಿ!"

ಪಂಚರಿನವ ಮುಖ ಕೆಂಪು ಮಾಡಿಕೊಂಡು ಹತ್ತಿ ಕಿತ್ತೆಸೆದ. ಎದ್ದು ಹೋಗಿ ಆ ಬೋರ್ಡಿನ ಕೆಳಗೆ ಒಬ್ಬನೇ ಕೂತ. ಅಷ್ಟು ಉದ್ದದ ಬೆಂಚಿನಲ್ಲಿ ಒಬ್ಬ ಗಂಡಸು. ಅದನ್ನು ನೋಡಲಾರದೆ ದರ್ಜಿ ಹೆಂಗಸೊಬ್ಬಳು ಎದ್ದು ಪಕ್ಕದಲ್ಲಿ ಕೂತಳು. ಅವಳ ಹಿಂದೆ ಅವಳ ಗಂಡ. ಆಮೇಲೆ ಮಫ್ಲರ್ ಬಿಚ್ಚುತ್ತ ಮೇಷ್ಟ್ರು. ಸಾಹೇಬರು ಬರುವ ಹೊತ್ತಿಗೆ ಜಾಗ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು.

"ಇಷ್ಟು ದಿನ ಎಲ್ಲಿದ್ರು ಇವರೆಲ್ಲ?"

"ಪಕ್ಕದಲ್ಲೇ ಸಾರ್, ನಾಚ್ಕೊಂಡು ಕೂತಿದ್ವಿ. ಏ, ಸ್ವಲ್ಪ ಸರೀರಪ್ಪ, ಸಾಹೇಬ್ರಿಗೂ ಜಾಗ ಬಿಡಿ."

ಸಾಹೇಬರು ಹಾವು ತುಳಿದವರಂತೆ ಹಿಂದಕ್ಕೆ ಸರಿದರು. "ನಂಗೆ ಮೂರು ಮಕ್ಕಳಿದಾರಮ್ಮ!"

"ಹಾಗಾದ್ರೆ ಈ ಕೋಣೆಗೆ ಬೀಗ ಹಾಕೋಕೆ ನಿಮಗೆ ಹೇಗೆ ಮನಸ್ಸು ಬರುತ್ತೆ ಸಾರ್?"

ಮುರಿದ ಮಂಚಗಳು ಇದ್ದಲ್ಲೇ ಉಳಿದವು. ಕೋಣೆ ಈಗಲೂ ತೆರೆಯುವುದು ಗುರುವಾರವೊಂದೇ, ಅದರ ಜಗಳ ಇನ್ನೂ ಬಾಕಿ. ಸೀಟಿಯಕ್ಕನ ಸರದಿ ಬರುವ ತಿಂಗಳು. ಮಡಿಲು ತುಂಬುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಇದನ್ನು ಓದುತ್ತಿರುವ ನಿಮಗೆ ಗೊತ್ತಿರಬೇಕಾದದ್ದು ಬೇರೆ. ನಿಮ್ಮೂರ ಸರ್ಕಾರಿ ಆಸ್ಪತ್ರೆಯಲ್ಲಿ ಈ ಕೋಣೆ ಎಲ್ಲಿದೆ? ಹೋಗಿ ಕೇಳಿ, ನಾಲ್ಕು ಜನಕ್ಕೆ ಕೇಳಿಸುವಂತೆ ಕೇಳಿ. ಇಲ್ಲ ಅಂದರೆ, ಯಾಕಿಲ್ಲ ಎಂದು ಕೇಳಿ. ಇದ್ದರೆ ಬೋರ್ಡಿನ ಕೆಳಗೆ ಹೋಗಿ ಕೂರಿ. ಮಕ್ಕಳಿದ್ದವರೂ ಕೂರಿ. ಮೊದಲು ಆ ಕಿವಿಯ ಹತ್ತಿ ತೆಗೆಯಿರಿ.