ಕೇಳಿದಾಗಷ್ಟೇ ಬಾಯಿಬಿಡುವ ಯಂತ್ರ

ತಗಡು ಒತ್ತುವ ಆ ಕಾರ್ಖಾನೆಯಲ್ಲಿ ಅವಳು ಎಲ್ಲರ ಬಾಯಲ್ಲೂ ವೈರಕ್ಕ. ಎಂಟು ಪ್ರೆಸ್‌ಗಳನ್ನು ಕಚೇರಿಯ ಕಂಪ್ಯೂಟರಿಗೆ ಜೋಡಿಸಿದ್ದ ಒಂದೇ ಕೇಬಲ್ಲನ್ನು ಹದಿನಾಲ್ಕು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದವಳು. ಅದರ ಪದ್ಧತಿ ಇಷ್ಟೇ: ಕಂಪ್ಯೂಟರು ಸರದಿಯಂತೆ ಕೇಳಬೇಕು, ಕೇಳಿದ ಪ್ರೆಸ್ ಮಾತ್ರ ಉತ್ತರಿಸಬೇಕು; ತಾನಾಗಿ ಬಾಯಿಬಿಡುವಂತಿಲ್ಲ. ಯಜಮಾನರು ವೈರು ಉಳಿಸಲು ಹೋಗಿ, ಪ್ರೆಸ್ ನಿಲ್ಲಿಸುವ ಕೆಂಪು ಗುಂಡಿಯನ್ನೂ ಅದೇ ಕೇಬಲ್ಲಿಗೆ ಸೇರಿಸಿದ್ದರು. ಕೆಲಸಗಾರರಿಗೆ ಅದು ರೂಢಿಯಾಗಿತ್ತು. ಗುಂಡಿ ಒತ್ತಿ, ಕಂಪ್ಯೂಟರು ಕೇಳುವ ಸರದಿ ಬರಲೆಂದು ಮನಸ್ಸಿನಲ್ಲಿ ಒಂದು, ಎರಡು ಎಂದು ಎಣಿಸಿ, ಆಮೇಲೆ ಕೈ ಹಾಕುವರು.

"ಸೆಕೆಂಡಿಗೆ ಒಂಬತ್ತು ಸಾವಿರದ ಆರುನೂರು ಬಿಟ್ ಅಂದ್ರೆ ಆಮೆ ನಡಿಗೆ ಕಣಮ್ಮ. ಹನ್ನೆರಡು ಪಟ್ಟು ಏರಿಸು" ಎಂದ ಹೊಸ ಸೂಪರ್‌ವೈಸರ್.

"ಕೇಬಲ್ಲು ಉದ್ದ ಸರ್. ಆ ವೇಗಕ್ಕೆ ಸುದ್ದಿ ದಾರೀಲೇ ಕೆಡುತ್ತೆ. ಕೆಟ್ಟದ್ದನ್ನ ಕಂಪ್ಯೂಟರು ಮತ್ತೆ ಮತ್ತೆ ಕೇಳ್ತಾ ಕೂರುತ್ತೆ."

"ಈ ಪಾಠ ಮನೇಲಿ ಗಂಡನಿಗೆ ಹೇಳು."

ಅವಳು ಊಟಕ್ಕೆ ಹೋದಾಗ ಅವನೇ ವೇಗ ಏರಿಸಿದ.

ಆರನೇ ಪ್ರೆಸ್‌ನಲ್ಲಿದ್ದವನು ಅವಳ ಮೈದುನ. ತಗಡು ಸಿಕ್ಕಿಕೊಂಡಿತು. ಗುಂಡಿ ಒತ್ತಿದ, ಎರಡು ಎಣಿಸಿದ, ಕೈ ಹಾಕಿದ. ಗುಂಡಿಯ ಸುದ್ದಿ ದಾರಿಯಲ್ಲೇ ಕೆಟ್ಟಿತ್ತು; ಪ್ರೆಸ್ ಇಳಿಯಿತು. ಮತ್ತೊಮ್ಮೆ ಇಳಿಯಿತು.

ಅವಳು ಓಡಿ ಬಂದು ವೇಗ ಇಳಿಸುವಷ್ಟರಲ್ಲಿ ಮೈದುನನನ್ನು ಗಾಡಿಗೆ ಹಾಕಿದ್ದರು. ಉಳಿದವರು ಸೂಪರ್‌ವೈಸರನನ್ನು ಕಬ್ಬಿಣದ ಸರಳಿನಲ್ಲಿ ಹೊಡೆಯುತ್ತಿದ್ದರು. ಹಲ್ಲು ಉದುರಿತು, ಮೂಗು ಜಜ್ಜಿಹೋಯಿತು. ನಾಲ್ವರು ಅವನನ್ನು ಎಳೆದುಕೊಂಡು ಹೋಗಿ ಬಲಗೈಯನ್ನು ಅದೇ ಪ್ರೆಸ್‌ನೊಳಗೆ, ಇನ್ನೂ ಹಸಿಯಾಗಿದ್ದ ರಕ್ತದ ಮೇಲೆ, ಒತ್ತಿ ಹಿಡಿದರು. ಕಂಪ್ಯೂಟರಿನಿಂದ ಪ್ರೆಸ್ ಇಳಿಸಲು ಬರುತ್ತಿದ್ದುದು ಅವಳೊಬ್ಬಳಿಗೆ.

"ವೈರಕ್ಕ, ಒಂದೇ ಒಂದು ಸಲ. ನಿನ್ನ ಮೈದುನನ ಮೇಲಾಣೆ."

ಅವಳ ಬೆರಳು ಕೀಲಿಯ ಮೇಲಿತ್ತು. ಸೂಪರ್‌ವೈಸರ್ ಅಮ್ಮಾ ಎಂದು ಗೋಗರೆಯುತ್ತಿದ್ದ. ಅವಳು ಎದ್ದು ಗೋಡೆಯ ಮುಖ್ಯ ಸ್ವಿಚ್ಚನ್ನು ಕೆಳಗೆಳೆದಳು. ಎಂಟೂ ಪ್ರೆಸ್‌ಗಳು ಸತ್ತವು. ಅವನಿಗೆಂದು ಎತ್ತಿದ್ದ ಸರಳು ಸಿಟ್ಟಿನಲ್ಲಿ ಅವಳತ್ತ ತಿರುಗಿ ಬಲಭುಜದ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು.

ಆಸ್ಪತ್ರೆಯಲ್ಲಿ ಮೈದುನ ಬಟ್ಟೆ ಸುತ್ತಿದ ಮೊಂಡುಗೈ ಎತ್ತಿ ತೋರಿಸಿದ. "ಅವನ ಕೈ ಉಳಿಸಿದೆಯಂತೆ, ಅತ್ತಿಗೆ."

"ತೆಗೀಬೇಕು ಅಂತಲೇ ಕೂತಿದ್ದೆ ಕಣೋ. ಆಗಲಿಲ್ಲ."

ಅವನು ಗೋಡೆಯ ಕಡೆ ಮಗ್ಗುಲಾದ. ಅವಳು ಎದ್ದು ಹೋಗಲಿಲ್ಲ. ಊಟ ಬಂದಾಗ ಎಡಗೈಯಲ್ಲೇ ಕಲಸಿ, ಅವನು ಬಾಯಿ ತೆರೆಯುವವರೆಗೂ ತುತ್ತು ಹಿಡಿದು ಕೂತಳು.